ಹವ್ಯಾಸಿ ಓಟಗಾರ ವಿಓ2 ಮ್ಯಾಕ್ಸ್ ಹಿಂದೆ ಬೀಳಬೇಕೇ? ಪರ–ವಿರೋಧ

ಕೆಲಸ, ಮನೆ, ಮಕ್ಕಳು ಎಲ್ಲವನ್ನೂ ನೋಡಿಕೊಂಡು ಬೆಳಗ್ಗೆ ಒಂದು ಗಂಟೆ ಓಡುವವರ ಪ್ರಶ್ನೆ ಇದು. ವಿಓ2 ಮ್ಯಾಕ್ಸ್, ಅಂದರೆ ಮೈ ಬಳಸಬಲ್ಲ ಗರಿಷ್ಠ ಆಮ್ಲಜನಕದ ಅಳತೆ, ಅದನ್ನು ಏರಿಸುವುದನ್ನೇ ತಾಲೀಮಿನ ಮುಖ್ಯ ಗುರಿ ಮಾಡಿಕೊಳ್ಳಬೇಕೇ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ಹೌದು, ಅದೇ ಗುರಿಯಾಗಲಿ

ಓಡುವ ವೇಗ ಏರಿಸುತ್ತಾ ಹೋದಂತೆ ಮೈ ಬಳಸುವ ಆಮ್ಲಜನಕವೂ ಏರುತ್ತದೆ. ಆದರೆ ಒಂದು ಹಂತ ಬರುತ್ತದೆ. ಅಲ್ಲಿಂದ ಮುಂದೆ ಹಟ ಹಿಡಿದರೆ ವೇಗ ಇನ್ನೂ ಸ್ವಲ್ಪ ಏರೀತು, ಆಮ್ಲಜನಕ ಮಾತ್ರ ಏರುವುದಿಲ್ಲ. ಆ ಮಿತಿಯೇ ವಿಓ2 ಮ್ಯಾಕ್ಸ್. ಮೈತೂಕದ ಒಂದು ಕಿಲೋಗೆ, ಒಂದು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಅಂತ ಅದರ ಲೆಕ್ಕ. ತಾಲೀಮು ಇಲ್ಲದ ಯುವಕರಲ್ಲಿ ಸಾಮಾನ್ಯವಾಗಿ 35ರಿಂದ 45 ಇರುತ್ತದೆ. ವಿಶ್ವದರ್ಜೆಯ ದೂರದ ಓಟಗಾರರಲ್ಲಿ 70 ದಾಟುತ್ತದೆ.

ಈಗ ಓಟಗಾರರ ವಾಚ್‌ಗಳೂ ಈ ಸಂಖ್ಯೆ ತೋರಿಸುತ್ತವೆ, ಆದರೆ ಇದು ವಾಚ್ ಕಂಪನಿಗಳು ಹುಟ್ಟಿಸಿದ ಫ್ಯಾಷನ್ ಅಲ್ಲ. ನೂರು ವರ್ಷದ ಹಿಂದೆಯೇ ಇಂಗ್ಲೆಂಡಿನ ವಿಜ್ಞಾನಿ ಆರ್ಚಿಬಾಲ್ಡ್ ಹಿಲ್ ಬೆನ್ನಿಗೆ ಗಾಳಿಚೀಲ ಕಟ್ಟಿಕೊಂಡು ಹುಲ್ಲಿನ ಮೇಲೆ ಸುತ್ತು ಹೊಡೆದರು. ಬಿಟ್ಟ ಉಸಿರನ್ನು ಆ ಚೀಲದಲ್ಲಿ ಹಿಡಿದು ಅಳೆದರು. ನಿಮಿಷಕ್ಕೆ ಸುಮಾರು 4 ಲೀಟರ್ ಆಮ್ಲಜನಕದ ಹತ್ತಿರ ಅವರ ಲೆಕ್ಕ ಬಂದು ನಿಂತಿತು. ಹಾರ್ಟ್ಲಿ ಲಪ್ಟನ್ ಜೊತೆ ಅವರು ಅದನ್ನು ಬರೆದು ಪ್ರಕಟಿಸಿದ್ದು 1923ರಲ್ಲಿ. ಇವತ್ತಿನ ಲ್ಯಾಬ್‌ನಲ್ಲಿ ಟ್ರೆಡ್‌ಮಿಲ್, ಮುಖಕ್ಕೆ ಮಾಸ್ಕ್, ಕಂಪ್ಯೂಟರ್ ಇವೆ. ಅಳೆಯುವ ತತ್ವ ಅದೇ.

ಈ ಸಂಖ್ಯೆ ಯಾಕೆ ಮುಖ್ಯ? ಆಮ್ಲಜನಕ ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಸ್ನಾಯುವಿಗೆ ಹೋಗಬೇಕು. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಶ್ವಾಸಕೋಶಕ್ಕೆ ಕೊರತೆ ಬರುವುದಿಲ್ಲ. ತಡೆ ಬೀಳುವುದು ಹೃದಯದ ಹತ್ತಿರ. ಒಂದು ನಿಮಿಷಕ್ಕೆ ಅದು ಎಷ್ಟು ರಕ್ತ ತಳ್ಳುತ್ತದೆ ಅನ್ನುವುದೇ ಬಹುಮಟ್ಟಿಗೆ ಮಿತಿಯನ್ನು ತೀರ್ಮಾನಿಸುತ್ತದೆ. ತಾಲೀಮಿನಿಂದ ಗರಿಷ್ಠ ಎದೆಬಡಿತ ಹೆಚ್ಚುವುದಿಲ್ಲ, ಒಂದೊಂದು ಬಡಿತಕ್ಕೆ ತಳ್ಳುವ ರಕ್ತ ಹೆಚ್ಚುತ್ತದೆ. ಹಾಗಾಗಿ ವಿಓ2 ಮ್ಯಾಕ್ಸ್ ಏರಿದೆ ಅಂದರೆ ಹೃದಯ ಬಲವಾಗಿದೆ ಅಂತಲೇ ಸಾಮಾನ್ಯವಾಗಿ ತಿಳಿಯಬಹುದು.

1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಐದು ಜನ ಯುವಕರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿದರು. ಅವರ ವಿಓ2 ಮ್ಯಾಕ್ಸ್ ಕಾಲು ಭಾಗಕ್ಕಿಂತ ಜಾಸ್ತಿ ಕುಸಿಯಿತು. ಮೂವತ್ತು ವರ್ಷದ ನಂತರ ಅದೇ ಐವರನ್ನು ಮತ್ತೆ ಅಳೆದರು. ಮೂವತ್ತು ವರ್ಷದ ವಯಸ್ಸು ಮಾಡಿದ ನಷ್ಟಕ್ಕಿಂತ ಆ ಮೂರು ವಾರದ ಹಾಸಿಗೆ ಮಾಡಿದ ನಷ್ಟವೇ ದೊಡ್ಡದಿತ್ತು! ಆಮೇಲೆ ಆರು ತಿಂಗಳು ಅವರಿಗೆ ತಾಲೀಮು ಕೊಟ್ಟಾಗ, ವಯಸ್ಸಿನಿಂದ ಕಳೆದುಕೊಂಡಿದ್ದನ್ನು ಅವರು ಮರಳಿ ಪಡೆದರು. ಐವತ್ತು ದಾಟಿತು, ಇನ್ನೇನು ಆಗುತ್ತದೆ ಅನ್ನುವವರು ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಆಯುಷ್ಯದ ಲೆಕ್ಕವೂ ಇದೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಟ್ರೆಡ್‌ಮಿಲ್ ಪರೀಕ್ಷೆಗೆ ಒಳಗಾದ 1,22,007 ಜನರ ದಾಖಲೆ ನೋಡಿದ ಅಧ್ಯಯನ 2018ರಲ್ಲಿ ಬಂತು. ಟ್ರೆಡ್‌ಮಿಲ್ ಮೇಲೆ ಯಾರ ಸಾಮರ್ಥ್ಯ ಹೆಚ್ಚೋ ಅವರಲ್ಲಿ ಸಾವಿನ ಪ್ರಮಾಣ ಕಡಿಮೆ. ಇಷ್ಟು ಸಾಕು, ಇನ್ನು ಹೆಚ್ಚಾದರೆ ಲಾಭವಿಲ್ಲ ಅನ್ನುವ ಮಟ್ಟ ಅದರಲ್ಲಿ ಕಾಣಲಿಲ್ಲ. ಬಿಪಿ, ಶುಗರ್ ಅಳೆಸಿಕೊಳ್ಳುವ ನಾವು ಇದನ್ನು ಯಾಕೆ ಬಿಡಬೇಕು?

ಇನ್ನು ಓಟದ ವಿಷಯಕ್ಕೆ ಬರೋಣ. ಸಮತಟ್ಟಾದ ರಸ್ತೆಯಲ್ಲಿ ಕಿಲೋಮೀಟರಿಗೆ 5 ನಿಮಿಷದಂತೆ ಓಡಲು ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 43 ಮಿಲಿಲೀಟರ್ ಆಮ್ಲಜನಕ ಬೇಕು. ನಿಮ್ಮ ಮಿತಿ 45 ಆಗಿದ್ದರೆ, ಆ ಪೇಸ್‌ನಲ್ಲಿ ನೀವು ಮಿತಿಯ ಅಂಚಿನಲ್ಲೇ ಇದ್ದೀರಿ. ಸ್ವಲ್ಪ ಹೊತ್ತಿಗೆ ಸೋಲುತ್ತೀರಿ. ಮಿತಿ 52ಕ್ಕೆ ಏರಿತು ಅನ್ನಿ. ಅದೇ ಪೇಸ್ ಈಗ ಶೇ 83ರಷ್ಟು ಮಾತ್ರ. ಗಟ್ಟಿಯಾಗಿ ಓಡಿದಂತೆ ಇರುತ್ತದೆ, ಆದರೆ ತಡೆದುಕೊಳ್ಳಬಹುದು. ಪೇಸ್, ದೂರ, ಟೈಮಿಂಗ್ ಎಲ್ಲವೂ ಈ ಮಿತಿಯ ಕೆಳಗೇ ನಡೆಯಬೇಕು, ಅಲ್ವಾ?

ನಮ್ಮ ಹೆಚ್ಚಿನ ಓಟಗಾರರ ತೊಂದರೆ ಅಂದರೆ ದಿನಾ ಒಂದೇ ಪೇಸ್. ಆರಾಮವೂ ಅಲ್ಲ, ಜೋರೂ ಅಲ್ಲ. ಆರೇಳು ತಿಂಗಳಾದ ಮೇಲೆ ಅದರಿಂದ ಏನೂ ಬದಲಾಗುವುದಿಲ್ಲ. ಇದಕ್ಕೆ ನಾರ್ವೆಯ ಟ್ರೋಂಡ್‌ಹೈಮ್‌ನವರು ಪರೀಕ್ಷಿಸಿದ ಕ್ರಮ ಒಂದಿದೆ: ಜೋರಾಗಿ 4 ನಿಮಿಷ, ನಡುವೆ ನಿಧಾನವಾಗಿ 3 ನಿಮಿಷ, ಹೀಗೆ ನಾಲ್ಕು ಸಲ. ಹೀಗೆ ಬಿಟ್ಟು ಬಿಟ್ಟು ಜೋರಾಗಿ ಓಡುವುದಕ್ಕೆ ಇಂಟರ್ವಲ್ ಅನ್ನುತ್ತಾರೆ. ಜೋರಿನ ಹೊತ್ತಲ್ಲಿ ಎದೆಬಡಿತ ಗರಿಷ್ಠದ ಶೇ 90–95ಕ್ಕೆ ಮುಟ್ಟಬೇಕು. ವಾರಕ್ಕೆ ಮೂರು ಸಲದಂತೆ ಎಂಟು ವಾರ ಮಾಡಿದ ಯುವಕರ ವಿಓ2 ಮ್ಯಾಕ್ಸ್ ಶೇ 7ರಷ್ಟು ಏರಿತು. ಅಷ್ಟೇ ಒಟ್ಟು ಶ್ರಮವನ್ನು ನಿಧಾನವಾಗಿ ಓಡಿ ಕಳೆದವರಲ್ಲಿ ಹಾಗೆ ಏರಲಿಲ್ಲ.

ನಾಲ್ಕೇ ನಿಮಿಷ ಯಾಕೆ? ಓಡಿ ನೋಡಿದರೆ ಗೊತ್ತಾಗುತ್ತದೆ. ಮೊದಲ ನಿಮಿಷ ಇಷ್ಟೇನಾ ಅನಿಸುತ್ತದೆ. ಕಾಲು ಹಗುರ, ಉಸಿರು ಹಿಡಿತದಲ್ಲಿ. ಆಮ್ಲಜನಕದ ಬಳಕೆ ಇನ್ನೂ ಮೇಲೇರುತ್ತಿರುತ್ತದೆ. ಎರಡನೇ ನಿಮಿಷದಲ್ಲಿ ಪಕ್ಕದವರ ಜೊತೆ ಮಾತು ನಿಲ್ಲುತ್ತದೆ. ಮೂರರಲ್ಲಿ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ, ತೊಡೆ ಬಿಗಿಯುತ್ತದೆ. ನಾಲ್ಕನೆಯದು ಮುಗಿಯುವುದೇ ಇಲ್ಲವೇನೋ ಅನ್ನಿಸುತ್ತದೆ. ಲಾಭವೆಲ್ಲ ಇರುವುದು ಆ ಕೊನೆಯ ಎರಡು ನಿಮಿಷದಲ್ಲಿ. ಹೃದಯ ತನ್ನ ಮಿತಿಯ ಹತ್ತಿರ ಕೆಲಸ ಮಾಡುವುದು ಆಗ ಮಾತ್ರ. ಒಂದೇ ನಿಮಿಷಕ್ಕೆ ನಿಲ್ಲಿಸಿ ಪೂರ್ತಿ ಸುಧಾರಿಸಿಕೊಂಡರೆ ಅಲ್ಲಿಗೆ ಮುಟ್ಟುವುದೇ ಇಲ್ಲ.

ಮೂವತ್ತರ ನಂತರ ವಿಓ2 ಮ್ಯಾಕ್ಸ್ ಹತ್ತು ವರ್ಷಕ್ಕೆ ಸುಮಾರು ಶೇ 10ರಷ್ಟು ಇಳಿಯುತ್ತದೆ. ಜೋರು ತಾಲೀಮು ಬಿಡದವರಲ್ಲಿ ಈ ಇಳಿತ ನಿಧಾನ. ಎಪ್ಪತ್ತರಲ್ಲಿ ಮೆಟ್ಟಿಲು ಹತ್ತುವುದಕ್ಕೂ ಆಮ್ಲಜನಕ ಬೇಕು. ಅದನ್ನು ಈಗಿನಿಂದಲೇ ಕೂಡಿಡಬೇಕು. ಸಮಯ ಕಡಿಮೆ ಇರುವ ಹವ್ಯಾಸಿಗೆ ಇದಕ್ಕಿಂತ ಒಳ್ಳೆಯ ಗುರಿ ಇಲ್ಲ.

ವಿರೋಧ: ಬೇಡ, ಆ ಸಂಖ್ಯೆ ಒಡೆಯನಾಗುವುದು ಬೇಡ

ವಿಓ2 ಮ್ಯಾಕ್ಸ್ ಸುಳ್ಳು ಅಂತ ಯಾರೂ ಹೇಳುತ್ತಿಲ್ಲ. ಆದರೆ ಓಟದ ಫಲಿತಾಂಶವನ್ನು ಅದು ತೀರ್ಮಾನಿಸುತ್ತದೆಯೇ?

1972ರ ಮ್ಯೂನಿಕ್ ಒಲಿಂಪಿಕ್ಸ್ ನೋಡಿ. ಮ್ಯಾರಥಾನ್‌ನಲ್ಲಿ ಚಿನ್ನ ಗೆದ್ದ ಅಮೆರಿಕದ ಫ್ರಾಂಕ್ ಶಾರ್ಟರ್ ಅವರ ಅಳತೆ 71ರ ಆಸುಪಾಸು. ಅದೇ ತಂಡದಲ್ಲಿದ್ದ ಸ್ಟೀವ್ ಪ್ರಿಫಾಂಟೇನ್ ಅವರದು 84. ಅವರು 5,000 ಮೀಟರ್‌ನಲ್ಲಿ ನಾಲ್ಕನೆಯವರಾದರು. ಸ್ಪರ್ಧೆ ಬೇರೆ ಬೇರೆ, ನಿಜ. ಆದರೂ 13 ಅಂಕದ ಅಂತರ ಪದಕಪಟ್ಟಿಯಲ್ಲಿ ಕಾಣಲಿಲ್ಲ. ಇತ್ತೀಚಿನದು ಬೇಕೇ? ಎರಡು ಗಂಟೆಯೊಳಗೆ ಮ್ಯಾರಥಾನ್ ಓಡುವ 2017ರ ಯತ್ನಕ್ಕೆ ಓಟಗಾರರನ್ನು ಆರಿಸುವಾಗ 16 ಜನ ವಿಶ್ವದರ್ಜೆಯವರನ್ನು ಲ್ಯಾಬ್‌ನಲ್ಲಿ ಅಳೆದರು. ಸರಾಸರಿ 71. ಕಾಲೇಜು ಮಟ್ಟದ ಒಳ್ಳೆಯ ಓಟಗಾರರಲ್ಲೂ ಆ ಮಟ್ಟ ಸಿಗುತ್ತದೆ. ಇನ್ನು ಸೈಕ್ಲಿಂಗ್‌ನಲ್ಲಿ ನಾರ್ವೆಯ ಆಸ್ಕರ್ ಸ್ವೆಂಡ್ಸನ್ 18ನೇ ವಯಸ್ಸಿನಲ್ಲಿ 97.5 ಅಳತೆ ತೋರಿಸಿದ ಹುಡುಗ. ಆ ವರ್ಷ ಕಿರಿಯರ ವಿಶ್ವ ಚಾಂಪಿಯನ್ ಆದರು, ನಿಜ. ಎರಡು ವರ್ಷಕ್ಕೆ ಸೈಕ್ಲಿಂಗ್ ಬಿಟ್ಟೇಬಿಟ್ಟರು.

ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬನ ಬೋರ್‌ವೆಲ್‌ನಲ್ಲಿ ನಾಲ್ಕು ಇಂಚು ನೀರು, ಆದರೆ ಬಿಡುವುದು ಕಾಲುವೆಯಲ್ಲಿ. ಇನ್ನೊಬ್ಬನದು ಎರಡೇ ಇಂಚು, ಆದರೆ ಗಿಡದ ಬುಡಕ್ಕೆ ಡ್ರಿಪ್ ಹಾಕಿದ್ದಾನೆ. ಬೋರ್ ಎಷ್ಟು ಇಂಚು ಅಂತ ಕೇಳಿ ಬೆಳೆ ಎಷ್ಟು ಬರುತ್ತದೆ ಅಂತ ಹೇಳಲಾಗದು. ವಿಓ2 ಮ್ಯಾಕ್ಸ್ ಹೇಳುವುದು ಇಂಚಿನ ಲೆಕ್ಕ ಮಾತ್ರ. ಒಂದು ಕಿಲೋಮೀಟರ್ ಓಡಲು ಎಷ್ಟು ಆಮ್ಲಜನಕ ಖರ್ಚಾಗುತ್ತದೆ ಅನ್ನುವುದು ಬೇರೆಯೇ ಲೆಕ್ಕ. ಆ ಮಿತಿಯ ಎಷ್ಟು ಪಾಲನ್ನು ಎಷ್ಟು ಹೊತ್ತು ಹಿಡಿದಿಡಬಲ್ಲಿರಿ ಅನ್ನುವುದು ಇನ್ನೊಂದು. ವಿಓ2 ಮ್ಯಾಕ್ಸ್ ಮುಟ್ಟುವ ವೇಗದಲ್ಲಿ ಹೆಚ್ಚಿನವರು ಆರು ನಿಮಿಷದ ಆಸುಪಾಸು ನಿಲ್ಲುತ್ತಾರೆ. ಹವ್ಯಾಸಿ ಓಡುವ ಹಾಫ್ ಮ್ಯಾರಥಾನ್ ಎರಡು ಗಂಟೆಯದು. ಆರು ನಿಮಿಷದ ಮಿತಿಗೆ ಜೀವ ತೇಯ್ದು, ಎರಡು ಗಂಟೆಯ ಓಟಕ್ಕೆ ಹೋಗುವುದು ಯಾವ ಲೆಕ್ಕ?

ಇನ್ನು ವಾಚ್. ಕೈಗೆ ಕಟ್ಟಿದ ವಾಚ್ ಆಮ್ಲಜನಕದ ಬಳಕೆ ಅಳೆಯುವುದಿಲ್ಲ. ನಿಮ್ಮ ವೇಗ ಮತ್ತು ಎದೆಬಡಿತ ನೋಡಿ ಅಂದಾಜು ಮಾಡುತ್ತದೆ. ಬೆಂಗಳೂರಿನ ಬೆಳಗಿನ ಚಳಿಯಲ್ಲಿ ಓಡುವವರು ಏಪ್ರಿಲ್‌ನಲ್ಲಿ ಮಂಗಳೂರಿಗೆ ಹೋಗಿ ಓಡಲಿ. ಸೆಕೆಗೆ ಅದೇ ಪೇಸ್‌ನಲ್ಲಿ ಬಡಿತ ಏರುತ್ತದೆ. ಬಿಸಿಲಿನ ಲೆಕ್ಕ ಹಿಡಿಯದ ವಾಚ್, ನಿಮ್ಮ ಫಿಟ್‌ನೆಸ್ ಇಳಿಯಿತು ಅನ್ನುತ್ತದೆ. ವಾಚ್‌ಗೆ ಗೊತ್ತಿರುವ ಗರಿಷ್ಠ ಎದೆಬಡಿತವೂ ಹಲವು ಸಲ 220ರಲ್ಲಿ ವಯಸ್ಸು ಕಳೆದ ಲೆಕ್ಕದ್ದು. ಆ ಸೂತ್ರ ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಬಡಿತ ಆಚೀಚೆ ಹೋಗುವುದು ಮಾಮೂಲಿ. ಮೂಲವೇ ತಪ್ಪಾದರೆ ಅದರ ಮೇಲಿನ ಸಂಖ್ಯೆಯೂ ತಪ್ಪು.

ಮೈತೂಕದಿಂದ ಭಾಗಿಸುವುದರಲ್ಲೂ ಒಂದು ಅಪಾಯ ಇದೆ. 70 ಕಿಲೋ ತೂಕದವರು ನಿಮಿಷಕ್ಕೆ 3,150 ಮಿಲಿಲೀಟರ್ ಬಳಸಿದರೆ ಲೆಕ್ಕ 45. ಊಟ ಬಿಟ್ಟು 66 ಕಿಲೋಗೆ ಇಳಿದರೆ ಲೆಕ್ಕ 48ರ ಹತ್ತಿರ. ಹೃದಯದಲ್ಲಿ ಏನೂ ಬದಲಾಗಿಲ್ಲ. ರಾತ್ರಿ ಊಟ ಬಿಟ್ಟಿದ್ದಕ್ಕೆ ವಾಚ್ ಹಸಿರು ಬಾಣ ತೋರಿಸಿ ಬೆನ್ನು ತಟ್ಟುತ್ತದೆ. ತೂಕ ಹೆಚ್ಚಿರುವವರಿಗೆ ಇಳಿಸುವುದು ಒಳ್ಳೆಯದೇ. ಆದರೆ ಮೊದಲೇ ತೆಳ್ಳಗಿರುವ ಹುಡುಗಿಯರು ಈ ಬಾಣದ ಆಸೆಗೆ ಬಿದ್ದರೆ ಮುಟ್ಟು ನಿಲ್ಲುವವರೆಗೂ ಹೋಗಬಹುದು, ಮೂಳೆ ಸವೆಯಬಹುದು.

ಇಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಈ ಸಂಖ್ಯೆ ಮಾಡುವ ಅನ್ಯಾಯ ಇನ್ನೂ ದೊಡ್ಡದು. ಆಮ್ಲಜನಕವನ್ನು ಹೊರುವುದು ರಕ್ತದ ಹಿಮೋಗ್ಲೋಬಿನ್. ಅದು 14 ಇದ್ದರೆ ಒಂದು ಲೀಟರ್ ರಕ್ತ ಸುಮಾರು 185 ಮಿಲಿಲೀಟರ್ ಹೊರುತ್ತದೆ. 10ಕ್ಕೆ ಇಳಿದರೆ ಸುಮಾರು 130. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಜನರಿಗೆ ರಕ್ತಹೀನತೆ ಇದೆ. ಈಗ ಯೋಚಿಸಿ. ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಳಿದಿದ್ದನ್ನು ಉಣ್ಣುವವರು, ಕತ್ತಲಿರುವಾಗಲೇ ಎದ್ದು ಓಡಲು ಬರುತ್ತಾರೆ. ಅವರ ಸಂಖ್ಯೆ 30ರಲ್ಲೇ ನಿಂತಿರುತ್ತದೆ. ಗುಂಪಿನಲ್ಲಿ ಯಾರೋ ಹೇಳುತ್ತಾರೆ, ಇಂಟರ್ವಲ್ ಜಾಸ್ತಿ ಮಾಡಿ ಮೇಡಂ ಅಂತ. ಅವರು ಮಾಡುತ್ತಾರೆ. ಇನ್ನಷ್ಟು ಸುಸ್ತಾಗುತ್ತಾರೆ. ಕೊನೆಗೆ ಓಟ ನನ್ನಂಥವರಿಗಲ್ಲ ಅಂತ ಬಿಡುತ್ತಾರೆ. ಅವರಿಗೆ ಬೇಕಿದ್ದದ್ದು ಒಂದು ರಕ್ತಪರೀಕ್ಷೆ, ಡಾಕ್ಟರ್ ಬರೆದುಕೊಡುವ ಕಬ್ಬಿಣದ ಮಾತ್ರೆ, ಹೊಟ್ಟೆ ತುಂಬಾ ಊಟ. ಸಂಖ್ಯೆ ಕೆಳಗಿದೆ ಅಂತ ಹೇಳುವ ವಾಚ್, ಯಾಕೆ ಕೆಳಗಿದೆ ಅಂತ ಹೇಳುವುದಿಲ್ಲ.

ತಾಲೀಮು ಎಲ್ಲರಿಗೂ ಒಂದೇ ಫಲ ಕೊಡುವುದೂ ಇಲ್ಲ. ಅಮೆರಿಕ, ಕೆನಡಾದ ಹೆರಿಟೇಜ್ ಅಧ್ಯಯನದಲ್ಲಿ 481 ಜನ ಒಂದೇ ಕ್ರಮದಲ್ಲಿ 20 ವಾರ ಸೈಕಲ್ ತುಳಿದರು. ಸರಾಸರಿ ಏರಿಕೆ ನಿಮಿಷಕ್ಕೆ ಸುಮಾರು 400 ಮಿಲಿಲೀಟರ್. ಕೆಲವರಿಗೆ ಒಂದು ಲೀಟರ್ ಏರಿತು. ಕೆಲವರಿಗೆ ಏರಲೇ ಇಲ್ಲ. ಈ ವ್ಯತ್ಯಾಸದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಅಪ್ಪ-ಅಮ್ಮನಿಂದ ಬಂದದ್ದು. ಏರದವರಿಗೂ ಬಿಪಿ, ಶುಗರ್, ನಿದ್ದೆಯಲ್ಲಿ ಲಾಭ ಇರಬಹುದು. ಆದರೆ ಸಂಖ್ಯೆಯೇ ಗುರಿ ಅಂದರೆ ಅವರ ಪಾಲಿಗೆ ಆ ಶ್ರಮವೆಲ್ಲ ವ್ಯರ್ಥ ಅಂತ ಆಗುತ್ತದೆ.

ಇನ್ನು ಆಯುಷ್ಯದ ಮಾತು. ಫಿಟ್ ಇರುವವರು ಹೆಚ್ಚು ಬದುಕುತ್ತಾರೆ ಅನ್ನುವುದು ಕ್ಲೀವ್‌ಲ್ಯಾಂಡ್‌ನ ಆ ದಾಖಲೆಯಲ್ಲಿ ಕಾಣುತ್ತದೆ. ಸಂಖ್ಯೆಯನ್ನು 45ರಿಂದ 48ಕ್ಕೆ ಏರಿಸಿದ್ದಕ್ಕೇ ಆಯುಷ್ಯ ಹೆಚ್ಚಿತು ಅಂತ ಅದರಿಂದ ಹೇಳಲಾಗದು. ಆ ಪಟ್ಟಿಯಲ್ಲಿ ಅತಿ ಹೆಚ್ಚು ಅಪಾಯ ಇದ್ದದ್ದು ತೀರಾ ಕೆಳಗಿನವರಿಗೆ. ಅಲ್ಲಿಂದ ಮೇಲೆ ಬರಲು ಬಿರುಸು ನಡಿಗೆಯೂ ಸಾಕಾಗುತ್ತದೆ.

ನಲವತ್ತೈದು ದಾಟಿದವರು, ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತವರು, ನೇರವಾಗಿ 4 ನಿಮಿಷದ ಇಂಟರ್ವಲ್‌ಗೆ ಇಳಿಯುವುದು ಸರಿಯಲ್ಲ. ಮೊದಲು ಡಾಕ್ಟರ್‌ಗೆ ತೋರಿಸಬೇಕು. ಹೃದಯದ ತೊಂದರೆ ಇಲ್ಲ ಅಂದರೂ ಕಾಲಿನ ಸ್ನಾಯುರಜ್ಜು, ಮೀನಖಂಡ ಜೋರು ಓಟಕ್ಕೆ ಹೊಂದಿಕೊಳ್ಳಲು ತಿಂಗಳುಗಟ್ಟಲೆ ಬೇಕು. ಉಸಿರು ಬೇಗ ಸುಧಾರಿಸುತ್ತದೆ, ಹಿಮ್ಮಡಿ ಹಾಗಲ್ಲ. ಸಂಖ್ಯೆ ಏರುತ್ತಿದೆ ಅಂತ ಖುಷಿಯಲ್ಲಿರುವಾಗಲೇ ಹಿಮ್ಮಡಿ ನೋವು ಶುರುವಾಗಿ ಎರಡು ತಿಂಗಳು ಮನೆಯಲ್ಲಿ ಕೂರುವಂತಾಗುತ್ತದೆ. ಆಗ ಏರಿದ್ದೂ ಹೋಗುತ್ತದೆ.

ಹಾಗಾದರೆ ಏನನ್ನು ನೋಡಬೇಕು? ವಾರದ ಹೆಚ್ಚಿನ ಓಟ ಮಾತಾಡುತ್ತಾ ಓಡುವಷ್ಟು ನಿಧಾನ ಇರಲಿ. ಕಾಲು ಗಟ್ಟಿಯಾದ ಮೇಲೆ ವಾರಕ್ಕೊಮ್ಮೆ ಜೋರು ಓಟ ಸೇರಿಸಿ, ಬೇಡ ಅನ್ನುವವರು ಯಾರು? ಸುಧಾರಣೆ ತಿಳಿಯಬೇಕೇ? ಮನೆ ಹತ್ತಿರದ ಕೆರೆಯ ಸುತ್ತನ್ನು ತಿಂಗಳಿಗೊಮ್ಮೆ, ತಂಪು ಹೊತ್ತಿನಲ್ಲಿ, ಒಂದೇ ಎದೆಬಡಿತದಲ್ಲಿ ಓಡಿ. ನಿಮಿಷ ಕಡಿಮೆಯಾಗಿದ್ದರೆ ಹೃದಯ, ಕಾಲು, ರಕ್ತ ಎಲ್ಲವೂ ಸೇರಿ ಕೊಟ್ಟ ಫಲ ಅದು. ಮೂರು ತಿಂಗಳು ನಿಯಮವಾಗಿ ಓಡಿಯೂ ಕಡಿಮೆಯಾಗದಿದ್ದರೆ ಇನ್ನೊಂದು ಇಂಟರ್ವಲ್ ಸೇರಿಸುವ ಮೊದಲು ನಿದ್ದೆ, ಊಟ, ಹಿಮೋಗ್ಲೋಬಿನ್ ನೋಡಿಕೊಳ್ಳಿ.