ಮಿಕ್ಸರ್ ಕೆಳಗಿನ ತಾಯಿ ಕಾರ್ಡ್

ಸಿಟ್ಟಿನ್ಯಾಗ ಬರೀಲಿಕತ್ತೀನಿ, ಉದ್ದ ಆಗ್ತದ. ಓದಲಿಕ್ಕೆ ಆಗದವರು ಲೈಕ್ ಒತ್ತಿ ಮುಂದ ಹೋಗ್ರಿ, ಹೆಂಗೂ ಅದೇ ಮಾಡ್ತೀರಿ.

ಮಂಗಳವಾರ ಇಲ್ಲೇ ಕಲಬುರಗಿ ಬ್ರಹ್ಮಪುರದಾಗ ಅಣ್ಣನ ಮನಿಗೆ ಹೋಗಿದ್ದೆ. ಮೇ ತಿಂಗಳು, ಮಟಮಟ ಮಧ್ಯಾಹ್ನ, 42 ಡಿಗ್ರಿ. ಓಣಿ ನಾಯಿಗಳೂ ಗಟಾರದಾಗಿಂದ ಮ್ಯಾಲೆ ಬರದ ಹೊತ್ತು. ಅಂಥಾದ್ರಾಗ ಆಶಾ ಕಾರ್ಯಕರ್ತಿ ಅಕ್ಕೋರು ಬಂದ್ರು, ತಲಿ ಮ್ಯಾಲೆ ಸೆರಗು, ಬಗಲಾಗ ರಜಿಸ್ಟರ್. "ಹುಡುಗಗ ಐದು ತುಂಬಿ ಆರ್ ತಿಂಗಳಾತಲ್ರಿ ಅಕ್ಕಾ, ತಾಯಿ ಕಾರ್ಡ್ ತೋರಸ್ರಿ" ಅಂದ್ರು. ಕೂಸಿಗೆ ಹಾಕಿಸಿದ ಸೂಜಿಗಳ ತಾರೀಖು ಬರಿಯೋ ಸರ್ಕಾರಿ ಕಾರ್ಡ್ ಅದು.

ವೈನಿ ಒಳಗಿಂದ ಒಂದು ಫೈಲ್ ತಂದ್ರು. ಏನು ಫೈಲ್ ಅದು! ಆಧಾರ್, ರೇಷನ್ ಕಾರ್ಡ್, ಜಾತಿ ಆದಾಯ ಪ್ರಮಾಣಪತ್ರ, ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾಗೋ ಅಣ್ಣನ 371(ಜೆ) ಸರ್ಟಿಫಿಕೇಟ್. ಎಲ್ಲಾ ಲ್ಯಾಮಿನೇಷನ್. ಹುಡುಗ ಇನ್ನೂ ಶರ್ಟಿನ ಗುಂಡಿ ನೆಟ್ಟಗ ಹಾಕ್ಕೊಳೂದಿಲ್ಲ, ಅವನ ಎಂಜಿನಿಯರಿಂಗ್ ಸೀಟಿಗೆ ಬೇಕಾಗ್ತದಂತ 371(ಜೆ)ದು ನಾಕು ಝೆರಾಕ್ಸ್ ಬ್ಯಾರೆ. ತಾಯಿ ಕಾರ್ಡ್ ಮಾತ್ರ ಇಲ್ಲ. ಅರ್ಧ ತಾಸು ಹುಡುಕಿದ ಮ್ಯಾಲೆ ಸಿಕ್ಕಿದ್ದು ಎಲ್ಲಿ ಗೊತ್ತೇನ್ರಿ? ಅಡಗಿ ಮನ್ಯಾಗ, ಮಿಕ್ಸರ್ ಕೆಳಗ. ಅಲುಗಾಡಬಾರ್ದಂತ ನಾಕು ಮಡಿಕಿ ಮಾಡಿ ಇಟ್ಟಿದ್ರು. ಮ್ಯಾಲೆ ಅರಿಷಿಣದ ಕಲಿ.

ಬಿಚ್ಚಿ ನೋಡಿದ್ರ 6 ವಾರ, 10 ವಾರ, 14 ವಾರ, 9 ತಿಂಗಳು, ಒಂದೂವರೆ ವರ್ಷ ಎಲ್ಲಾ ತಾರೀಖು ಬರದದ. ಐದು ವರ್ಷದ ಮನಿ ಖಾಲಿ.

"ಅವೆಲ್ಲ ಕೂಸಿಗೆ ಅಲ್ಲೇನ್ರಿ? ಇವ ಈಗ ದೊಡ್ಡಾಂವ ಆಗ್ಯಾನ" ಅಂದ್ರು ವೈನಿ. ವೈನಿ ಡಿಗ್ರಿ ಓದ್ಯಾರ. ನನ್ನ ಸಿಟ್ಟು ಇರೂದೇ ಇಲ್ಲಿ. ಹಳ್ಳಿ ಮಂದಿಗೆ ತಿಳುವಳಿಕಿ ಇಲ್ಲ ಅಂತ ಮೂಗು ಮುರೀತೀವಿ. ಗುಳೆ ಹೋಗೋ ಮಂದಿದು ಬ್ಯಾರೆ ಕಥಿ, ಆರು ತಿಂಗಳು ಪುಣೆ, ಆರು ತಿಂಗಳು ಬೆಂಗಳೂರು, ಅವರ ಕೂಸಿನ ಹಿಂದ ಯಾವ ಊರಿನ ಆಶಾ ಓಡಬೇಕು? ಅವರಿಗೆ ನೆಪ ಅದ. ಮನಿ ಮುಂದ ಸ್ಕೂಟಿ ನಿಂತಿರೋ ನಮಗ ಏನ್ ನೆಪ?

ಐದು ವರ್ಷದ ಸೂಜಿ ಅಂದ್ರ ಡಿಪಿಟಿ ಎರಡನೇ ಬೂಸ್ಟರ್. ಗಂಟಲಮಾರಿ (ಡಿಫ್ತೀರಿಯಾ), ನಾಯಿಕೆಮ್ಮು, ಧನುರ್ವಾಯು, ಮೂರಕ್ಕ ಒಂದೇ ಸೂಜಿ. ಕೂಸಿದ್ದಾಗ ಹಾಕಿಸಿದ್ದರ ಬಲ ಬರಬರತಾ ಇಳೀತದ, ಸಾಲಿಗೆ ಹೋಗೋ ಹೊತ್ತಿಗೆ ಮತ್ತ ಏರಸಬೇಕು. ಗಂಟಲಮಾರಿ ಬಂದ್ರ ಗಂಟಲದಾಗ ಬೂದಿ ಬಣ್ಣದ ಪೊರಿ ಕಟ್ಟತದ, ಕುತಗಿ ಬಾತು ಉಸರು ಸಿಗೂದಿಲ್ಲ. ಅದು ಬಿಡೋ ವಿಷ ಹೃದಯಕ್ಕೂ ಹೋಗಿ ಹತ್ತತದ. ಆಂಟಿಬಯೋಟಿಕ್ ಕೊಟ್ರ ಕ್ರಿಮಿ ಸಾಯ್ತಾವ, ಮೈಯಾಗ ಸೇರಿದ ವಿಷ ಹೋಗೂದಿಲ್ಲ. ಅದಕ್ಕ ಕುದರಿ ರಕ್ತದಿಂದ ತಯಾರು ಮಾಡೋ ಆಂಟಿಟಾಕ್ಸಿನ್ ಬೇಕು, ಅದೂ ಲಗೂನ. ಅದು ಓಣಿ ಮೆಡಿಕಲ್ ಅಂಗಡ್ಯಾಗ ಸಿಗೋ ಮಾಲಲ್ಲ.

ನಮ್ಮಜ್ಜಿ ಸಿಟ್ಟು ಬಂದ್ರ "ನಿನಗ ಗಂಟಲಮಾರಿ ಬಡೀಲಿ" ಅಂತ ಬೈತಿದ್ಲು. ನಾವು ನಗತಿದ್ವಿ. ಅಜ್ಜಿ ತಂಗಿ ಏಳು ವರ್ಷದಾಕಿ ಅದರಿಂದನೇ ಸತ್ತಿದ್ಲು ಅಂತ ನನಗ ಗೊತ್ತಾಗಿದ್ದು ಅಜ್ಜಿ ತೀರಿದ ಮ್ಯಾಲೆ.

ಇರಲಿ. ಅಷ್ಟೊತ್ತಿಗೆ ಅಣ್ಣ ಬಂದ. ಅಣ್ಣ ಇನ್ಶೂರೆನ್ಸ್ ಏಜೆಂಟ್ ಅಂಬೂದು ನಿಮಗೆಲ್ಲ ಗೊತ್ತೇ ಅದ, ನಿಮ್ಮಾಗ ಅರ್ಧ ಮಂದಿಗೆ ಪಾಲಿಸಿ ಕಟ್ಟ್ಯಾನ. "ಸರ್ಕಾರಿ ಸೂಜಿಗೆ ಜ್ವರ ಬರ್ತಾವ, ಪ್ರೈವೇಟಿನ್ಯಾಗ ಪೇನ್‌ಲೆಸ್ ಹಾಕಸ್ತೀವಿ" ಅಂದ. ಯಾವಾಗಣ್ಣಾ? "ಹಾಕಸೂಣು." ಮೂರು ತಿಂಗಳಿಂದ ಇದೇ "ಹಾಕಸೂಣು" ಅಂತ ಆಶಾ ಅಕ್ಕೋರ ರಜಿಸ್ಟರ್‌ನಾಗೂ ಅದ.

ಜ್ವರ ಬರ್ತಾವ, ಖರೇ. ತೋಳು ನೋಯ್ತದ, ಒಂದೆರಡು ದಿನ ಹುಡುಗ ಕಿರಿಕಿರಿ ಮಾಡ್ತಾನ, ಪ್ಯಾರಾಸಿಟಮಾಲ್ ಕೊಡ್ರಿ. ಪೇನ್‌ಲೆಸ್‌ನ್ಯಾಗ ಜ್ವರ ಕಡಿಮಿ, ಅದೂ ಖರೇ. ಆದ್ರ ನಾಯಿಕೆಮ್ಮಿನ ವಿಷಯದಾಗ ಅದರ ಬಲ ಜಲ್ದಿ ಇಳೀತದ, ಆ ಮಾತು ಯಾರೂ ಹೇಳೂದಿಲ್ಲ. ಹೋಗಲಿ, ರೊಕ್ಕ ಇದ್ದವರು ಅದನ್ನಾರ ಹಾಕಸ್ರಿ ಮಾರಾಯ್ರೆ! ಎರಡೂ ಇಲ್ಲದ ಕೂಡೂದು ಯಾವ ಶ್ಯಾಣೇತನ?

ಅಣ್ಣಗ ನಾ ಒಂದೇ ಕೇಳಿದೆ: "ಪ್ರೀಮಿಯಂ ತಪ್ಪಿದ್ರ ಪಾಲಿಸಿ ಏನಾಗ್ತದ?" ಸುಮ್ಮನಾದ. ಮುಂಜಾನೆ ಏಳಕ್ಕ ಫೋನ್ ಹಚ್ಚಿ "ಡ್ಯೂ ಡೇಟ್ ಅದರಿ ಸರ್" ಅನ್ನೋ ಮನುಷ್ಯ ಅಂವ.

ಇಷ್ಟೆಲ್ಲಾ ಹಾರಾಡಿ ಮನಿಗೆ ಬಂದೆ. ರಾತ್ರಿ ನಿದ್ದಿ ಬರಲಿಲ್ಲ. ಯಾಕಂದ್ರ ನನ್ನ ಮಗಳಿಗೆ ಐದು ತುಂಬಿದ್ದು 2020ರಾಗ. ದೇಶದ ಮೊದಲ ಕೊರೋನಾ ಸಾವು ನಮ್ಮ ಊರಿನವರದೇ ಆಗಿತ್ತು, ಆ ಮಾರ್ಚಿನ್ಯಾಗ. ಹೆದರಿ ಬಾಗಲಾ ಹಾಕ್ಕೊಂಡ್ವಿ. ಮರುವರ್ಷ ನಾವು ಗಂಡ ಹೆಂಡ್ತಿ ಇಬ್ಬರೂ ಪಾಳಿ ಹಚ್ಚಿ ಕೊರೋನಾ ಸೂಜಿ ಹಾಕ್ಸಿಕೊಂಡು ಸ್ಟೇಟಸ್‌ಗೆ ಫೋಟೋ ಹಾಕಿದ್ವಿ. ಮಗಳ ಸೂಜಿ ನೆನಪಾಗಲಿಲ್ಲ. ನೆನಪಾದಾಗ ಆಕಿಗೆ ಏಳು ದಾಟಿತ್ತು. ಏಳು ದಾಟಿದ್ರ ಡಿಪಿಟಿ ಹಾಕೂದಿಲ್ಲ, ಟಿಡಿ ಹಾಕ್ತಾರ, ಅದರಾಗ ನಾಯಿಕೆಮ್ಮಿಂದು ಇರೂದಿಲ್ಲ. ನಡುವ ಒಮ್ಮೆ ಆಶಾ ಕೇಳಿದಾಗ "ಹಾಕ್ಸೀವಿ, ಕಾರ್ಡ್ ಕಳದದ" ಅಂತ ಸುಳ್ಳು ಹೇಳೀನಿ. ನಾನು, ಮಾಸ್ತರ್ತಿ. ದಿನಾ 58 ಹುಡುಗರ ಹಾಜರಿ ಹಾಕಾಕಿ. ಕಾರ್ಡ್ ಕಳದಿರಲಿಲ್ಲ, ಖಾಲಿ ಮನಿ ತೋರಸಲಿಕ್ಕೆ ನಾಚಿಕಿ ಬಂದಿತ್ತು.

ಅಷ್ಟಕ್ಕೂ ಅಡ್ಮಿಷನ್ನಿಗೆ ಇಷ್ಟು ಕಾಗದ ಕೇಳೋ ನಮ್ಮ ಸಾಲ್ಯಾಗೂ ತಾಯಿ ಕಾರ್ಡ್ ಕೇಳೂದಿಲ್ಲ. ನಾನೇ ಆ ಟೇಬಲ್ ಮುಂದ ಕೂಡ್ತೀನಿ, ನಾನೂ ಕೇಳಿಲ್ಲ. ಈ ಸಲ ಕೇಳಾಕಿ. ಹೆಡ್ಮಾಸ್ತರ್ ಬೈದ್ರ ಬೈಲಿ.

ಇವತ್ತು ಗುರುವಾರ. ಅಣ್ಣ ತಾನೇ ಹುಡುಗನ್ನ ಸ್ಕೂಟರ್ ಮ್ಯಾಲೆ ಕೂಡಿಸಿಕೊಂಡು ಹೋಗಿ ಸರ್ಕಾರಿ ಸೂಜಿನೇ ಹಾಕ್ಸಿಕೊಂಡು ಬಂದ. ಹಿಂದ ನನ್ನ ಮಗಳೂ ಕೂತಿದ್ಲು, ಆಕಿದು ಹತ್ತು ವರ್ಷದ ಟಿಡಿ ಬಾಕಿ ಇತ್ತು. ಹುಡುಗ ಅತ್ತಿಲ್ಲಂತ, ಮಗಳು ಅತ್ತಳಂತ. ವೈನಿ ತಾಯಿ ಕಾರ್ಡ್‌ಗೂ ಲ್ಯಾಮಿನೇಷನ್ ಮಾಡಸ್ತೀನಿ ಅಂದ್ರು. ಬ್ಯಾಡ್ರಿ, ಇನ್ನೂ ತಾರೀಖು ಬರೀಬೇಕದ ಅಂತ ಹೇಳಿ ಕಸಗೊಂಡೆ. ಮಿಕ್ಸರ್ ಈಗ ಗಡಗಡ ಅಂತದಂತ, ಅಣ್ಣನ ಕಂಪನಿ ಕ್ಯಾಲೆಂಡರ್ ಹರದು ಕೆಳಗ ಇಟ್ಟಾರ.