ವಾಷಿಂಗ್ಟನ್ನಿನ ಬಾಗಿಲಿಗೆ ‘ನಾಳೆ ಬಾ’

ತೊಂಬತ್ತರ ದಶಕದಲ್ಲಿ ನಮ್ಮ ಕಡೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಸಾಗಹಾಕುತ್ತಿದ್ದರು. ದಿನಾ ಬಂದು ಓದಿಕೊಂಡು ಹಿಂತಿರುಗುವಷ್ಟು ಮರ್ಯಾದಸ್ಥ ದೆವ್ವ, ಕನ್ನಡವೂ ಗೊತ್ತಿತ್ತು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಈ ವಿದ್ಯೆಯನ್ನು ಯಾರೂ ಹೇಳಿಕೊಡಬೇಕಿಲ್ಲ.

ಅಲ್ಲಿ ಹಣಕಾಸು ವರ್ಷ ಹಿಂದೆ ಜುಲೈ 1ಕ್ಕೆ ಶುರುವಾಗುತ್ತಿತ್ತು. ಅಷ್ಟರೊಳಗೆ ಬಜೆಟ್ ಮುಗಿಯುತ್ತಿಲ್ಲವೆಂದು 1974ರಲ್ಲಿ ಕಾನೂನು ಮಾಡಿ ವರ್ಷವನ್ನೇ ಅಕ್ಟೋಬರ್ 1ಕ್ಕೆ ತಳ್ಳಿದರು. ಆಮೇಲೂ ಖರ್ಚಿನ ಮಸೂದೆಗಳೆಲ್ಲ ಹೊತ್ತಿಗೆ ಸರಿಯಾಗಿ ಪಾಸಾದದ್ದು ನಾಲ್ಕೇ ಸಲ, ಕೊನೆಯದು 1996ರಲ್ಲಿ.

2011ರಲ್ಲಿ ತಮ್ಮನ್ನು ಹೆದರಿಸಿಕೊಳ್ಳಲು ತಾವೇ ಒಂದು ದೆವ್ವ ಸಾಕಿದರು. 12 ಜನರ ಸಮಿತಿ, ಎರಡೂ ಪಕ್ಷದಿಂದ ಆರಾರು ಮಂದಿ (ಸಮ ಸಂಖ್ಯೆಯ ಸಮಿತಿಯಿಂದ ತೀರ್ಮಾನ ಬಯಸುವವರ ಆಶಾವಾದ ದೊಡ್ಡದು), ನವೆಂಬರ್ 23ರೊಳಗೆ ಕನಿಷ್ಠ 1.2 ಲಕ್ಷ ಕೋಟಿ ಡಾಲರ್ ಉಳಿತಾಯ ಹುಡುಕಬೇಕು. ತಪ್ಪಿದರೆ 2013ರ ಜನವರಿಯಿಂದ ರಕ್ಷಣೆ, ಸಂಶೋಧನೆ ಎನ್ನದೆ ಸರ್ಕಾರದ ಖರ್ಚಿಗೆ ತಾನೇ ತಾನಾಗಿ ಕತ್ತರಿ. ಸಮಿತಿ ನವೆಂಬರ್ 21ಕ್ಕೇ ಕೈಚೆಲ್ಲಿತು. ಗಡುವಿಗಿಂತ ಮೊದಲೇ ಮುಗಿಸಿದ ಕೆಲಸ ಇದೊಂದೇ.

ಬುಷ್ ಕಾಲದ ತೆರಿಗೆ ರಿಯಾಯಿತಿಗಳೂ 2012ರ ಡಿಸೆಂಬರ್ 31ಕ್ಕೇ ಮುಗಿಯುವುದಿತ್ತು. ಅವನ್ನು ಬಹುಪಾಲು ಉಳಿಸುವ ಮಸೂದೆಗೆ ಮೇಲ್ಮನೆ ಸೆನೆಟ್ ಮತ ಹಾಕಿದ್ದು ಹೊಸ ವರ್ಷದ ದಿನ ಬೆಳಗಿನ ಜಾವ ಎರಡರ ಸುಮಾರಿಗೆ, ಕೆಳಮನೆ ಅದೇ ರಾತ್ರಿ ಹನ್ನೊಂದಕ್ಕೆ. ಇದು ಬರೀ ಸೋಮಾರಿತನವಲ್ಲ. ತೆರಿಗೆ ಏರಿಸುವುದಿಲ್ಲವೆಂದು ಬರೆದುಕೊಟ್ಟಿದ್ದ ರಿಪಬ್ಲಿಕನ್ನರಿಗೆ ಡಿಸೆಂಬರ್ 31ರ ರಾತ್ರಿ ಹನ್ನೆರಡು ಗಂಟೆಗೆ ಮುಂಚೆ ಕೈ ಎತ್ತಿದರೆ ಅದು ಶ್ರೀಮಂತರ ತೆರಿಗೆ ಏರಿಸಿದಂತೆ. ಹನ್ನೆರಡು ಹೊಡೆದ ಮೇಲೆ ಎಲ್ಲರ ತೆರಿಗೆಯೂ ಆಗಲೇ ಏರಿದೆ. ಈಗ ಅದೇ ಕೈ ಎತ್ತಿದರೆ ಮಿಕ್ಕವರ ತೆರಿಗೆ ಇಳಿಸಿದ ಪುಣ್ಯ! ಹಾಗಾಗಿ ಒಂಟಿ ವ್ಯಕ್ತಿಯ 4 ಲಕ್ಷ ಡಾಲರ್ ಮೀರಿದ ಆದಾಯಕ್ಕೆ ಶೇ. 39.6, ಉಳಿದವರಿಗೆ ಹಳೆಯ ದರ. 2013ರಲ್ಲಿ ಪಾಸಾದ ಈ ಕಾಯ್ದೆಯ ಹೆಸರಿನಲ್ಲಿ ಇರುವುದು 2012. ಹವಾಯಿಯಲ್ಲಿದ್ದ ಒಬಾಮಾ ಪರವಾಗಿ ಸಹಿ ಮಾಡಿದ್ದು ಯಂತ್ರ.

ಪಿಂಚಣಿಗೆಂದು ಸಂಬಳದಲ್ಲಿ ಹಿಡಿಯುವ ಸೋಷಿಯಲ್ ಸೆಕ್ಯೂರಿಟಿ ತೆರಿಗೆ ಏರುವುದನ್ನು ಮಾತ್ರ ಯಾರೂ ತಡೆಯಲಿಲ್ಲ. ಅದು ಶೇ. 4.2ರಿಂದ 6.2ಕ್ಕೆ ಹೋಯಿತು. ವರ್ಷಕ್ಕೆ 50,000 ಡಾಲರ್ ಗಳಿಸುವವನಿಗೆ 1,000 ಡಾಲರ್ ಖೋತಾ. ಎಚ್‌-1ಬಿ ಮೇಲೆ ಹೋದ ನಮ್ಮ ಬೆಂಗಳೂರು ಹುಡುಗರ ಪೇ ಸ್ಲಿಪ್ಪಿನಲ್ಲೂ ಅದೇ ಲೆಕ್ಕ. ತೆರಿಗೆ ಇಲಾಖೆ ಫಾರಂ, ಸಾಫ್ಟ್‌ವೇರ್ ಎಲ್ಲ ತಿದ್ದಬೇಕಾಗಿ ಬಂದು, ಜನವರಿ 22ರ ಬದಲು 30ಕ್ಕೆ ರಿಟರ್ನ್ ತೆಗೆದುಕೊಳ್ಳಲು ಶುರುಮಾಡಿತು.

ಕತ್ತರಿ ದೆವ್ವಕ್ಕೆ? ಎರಡು ತಿಂಗಳು ಬಿಟ್ಟು ಬಾ ಎಂದರು. ಮಾರ್ಚ್ 1ಕ್ಕೆ ಅದು ಬಂತು. ಆ ಹೊತ್ತಿಗೆ ಸೀಮೆಸುಣ್ಣ ಎಲ್ಲಿಟ್ಟಿದ್ದರೆಂದು ಎರಡೂ ಪಕ್ಷದವರು ಪರಸ್ಪರ ಕೇಳುತ್ತಿದ್ದರು.