ಮಕ್ಕಳ ಬೊಜ್ಜಿನಲ್ಲಿ ಮನೆಯವರ ಪಾಲು
ಮಕ್ಕಳ ಬೊಜ್ಜಿಗೆ ಶಾಲೆಯ ಪಕ್ಕದ ಬೇಕರಿ ಹಾಗೂ ಟಿವಿ ಜಾಹೀರಾತುಗಳನ್ನೇ ಹೊಣೆ ಮಾಡಿರುವ, ನಾನು ಓದಿದ ಲೇಖನವೊಂದು, ಮನೆಯ ಪಾತ್ರವನ್ನು ಒಂದೇ ಸಾಲಿನಲ್ಲಿ ಮುಗಿಸಿರುವುದು ಸರಿಯೆನಿಸಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಐದು ವರ್ಷದೊಳಗಿನ ಅಧಿಕ ತೂಕದ ಮಕ್ಕಳ ಪ್ರಮಾಣ 2015-16ರಲ್ಲಿ ಶೇ 2.1ರಷ್ಟಿದ್ದದ್ದು 2019-21ರಲ್ಲಿ ಶೇ 3.4ಕ್ಕೆ ಏರಿದೆ, ಈ ವಯಸ್ಸಿನ ಮಗು ತಾನಾಗಿ ಬೇಕರಿಗೆ ಹೋಗುವುದಿಲ್ಲ, ಮನೆಯವರು ಕೊಟ್ಟದ್ದನ್ನೇ ತಿನ್ನುತ್ತದೆ. ಗುಂಡಗಿರುವ ಮಗುವೇ ಆರೋಗ್ಯವಂತ ಮಗು ಎಂಬ ಹಿರಿಯರ ನಂಬಿಕೆ, ಸಾಕೆಂದ ಮೇಲೂ ಮೊಬೈಲ್ ತೋರಿಸಿ ತುರುಕುವ ಇನ್ನೆರಡು ತುತ್ತು, ಅತ್ತರೆ ಬಿಸ್ಕತ್ತು, ಒಳ್ಳೆಯ ಅಂಕ ಬಂದರೆ ಐಸ್‌ಕ್ರೀಂ, ಇವೆಲ್ಲವೂ ಪ್ರೀತಿಯಿಂದಲೇ ನಡೆಯುತ್ತವೆಯಾದರೂ, ಹೊಟ್ಟೆ ತುಂಬಿದ್ದನ್ನು ತಾನೇ ಅರಿಯುವ ಮಗುವಿನ ಸಹಜ ಶಕ್ತಿಯನ್ನು ಕುಂದಿಸುತ್ತವೆ. ಅಂಥ ಕೆಲವು ಮಕ್ಕಳ ಕುತ್ತಿಗೆಯ ಹಿಂಭಾಗದ ಚರ್ಮ ಕಪ್ಪಾಗಿ ದಪ್ಪಗಾದಾಗ, ಅದನ್ನು ಕೊಳೆಯೆಂದೇ ತಿಳಿದು ತಿಕ್ಕಿ ತೊಳೆಯುವವರಿದ್ದಾರೆ; ವಾಸ್ತವದಲ್ಲಿ ಅದು ಬಹುತೇಕ ಇನ್ಸುಲಿನ್ ಪ್ರತಿರೋಧದ (ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದರ) ಗುರುತು, ಮುಂದೆ ಟೈಪ್ 2 ಮಧುಮೇಹ ಬರಬಹುದೆಂಬ ಎಚ್ಚರಿಕೆ. ಯಕೃತ್ತಿನಲ್ಲಿ ಕೊಬ್ಬು ಸೇರುವುದು, ರಕ್ತದೊತ್ತಡ ಏರುವುದು ಕೂಡ ಬಾಲ್ಯದಲ್ಲಿಯೇ ಆರಂಭವಾಗಬಹುದು. ವಂಶವಾಹಿಯ ಪಾತ್ರವೂ ಇದೆ, ನಿಜ. ಆದರೆ ಮಗುವಿಗೆ ಮಾತ್ರ ಪಥ್ಯ ಹೇಳಿ ಉಳಿದವರು ಟಿವಿಯ ಮುಂದೆ ಕರಿದ ತಿಂಡಿ ತಿನ್ನುತ್ತಿದ್ದರೆ, ಅದು ಮಗುವಿಗೆ ಶಿಕ್ಷೆಯಂತೆ ಕಾಣುತ್ತದೆ. ಆದ್ದರಿಂದ ವೈದ್ಯರು ಅಜ್ಜಿ-ತಾತಂದಿರನ್ನೂ ಒಳಗೊಂಡಂತೆ ಇಡೀ ಕುಟುಂಬವನ್ನು ಕೂರಿಸಿಕೊಂಡು ಮಾತನಾಡಬೇಕೆಂಬುದು ನನ್ನ ಕಳಕಳಿಯ ಮನವಿ.